ತೂಕ ನಿಂತಿತೆಂದು ಇನ್ಸುಲಿನ್ ನಿಲ್ಲಿಸಬೇಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ಬೆಳುವಾಯಿಯದ್ದು. ಬರೆದ ಸಹೋದರಿಗೆ 24 ವರ್ಷ. ಹೆಸರು ಹಾಕಬೇಡಿ ಎಂದಿದ್ದಾರೆ. 15ನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಎತ್ತರ 154 ಸೆಂಟಿಮೀಟರ್. ಏಳು ತಿಂಗಳ ಹಿಂದೆ 74 ಕಿಲೋ ತೂಕವಿತ್ತು. ಊಟ ಕಡಿಮೆ ಮಾಡಿ, ಸಂಜೆ ನಡೆದು, ಐದು ತಿಂಗಳಲ್ಲಿ 67ಕ್ಕೆ ಇಳಿಸಿದರು. ಆಮೇಲಿನ ಎರಡು ತಿಂಗಳಲ್ಲಿ ಎಷ್ಟು ಕಷ್ಟಪಟ್ಟರೂ ಒಂದು ಕಿಲೋ ಕೂಡ ಇಳಿದಿಲ್ಲ. ಮನೆಯಲ್ಲಿ ಮದುವೆಯ ಮಾತುಕತೆ ನಡೆಯುತ್ತಿದೆ. "ಹುಡುಗಿ ಸ್ವಲ್ಪ ದಪ್ಪ" ಎಂಬ ಮಾತು ಒಮ್ಮೆ ಕಿವಿಗೆ ಬಿದ್ದಿದೆ. ಪತ್ರದ ಕೊನೆಯ ಸಾಲುಗಳು ಹೀಗಿವೆ: "ಇನ್ಸುಲಿನ್‌ನಿಂದಲೇ ದಪ್ಪಗಾಗುವುದಂತೆ. ರಾತ್ರಿಯ ಇಂಜೆಕ್ಷನ್ ಬಿಟ್ಟರೆ ಬೇಗ ಇಳಿಯುತ್ತದೆ ಎಂದು ಒಬ್ಬರು ಹೇಳಿದರು. ಒಂದು ತಿಂಗಳ ಮಟ್ಟಿಗೆ ಬಿಡಬಹುದೇ? ಉಮ್ಮನಿಗೆ ಹೇಳಿಲ್ಲ."

ಬಿಡಬಾರದು. ಒಂದು ತಿಂಗಳ ಮಾತು ಹಾಗಿರಲಿ, ಒಂದು ರಾತ್ರಿಯೂ ಬಿಡಬಾರದು. ಮೊದಲು ಇದನ್ನು ಹೇಳಿ, ಉಳಿದದ್ದನ್ನು ನಿಧಾನವಾಗಿ ನೋಡೋಣ. ಏಕೆಂದರೆ ಈ ಸಹೋದರಿಯ ತೂಕ ನಿಂತಿರುವುದಕ್ಕೆ ಕಾರಣ ಇದೆ, ಅದಕ್ಕೆ ಪರಿಹಾರವೂ ಇದೆ. ಆ ಪರಿಹಾರ ಇನ್ಸುಲಿನ್ ಬಿಡುವುದರಲ್ಲಿಲ್ಲ. ಇನ್ಸುಲಿನ್‌ನ ಲೆಕ್ಕವನ್ನು ಈಗಿನ ದೇಹಕ್ಕೆ ಸರಿಯಾಗಿ ಹೊಂದಿಸಿಕೊಳ್ಳುವುದರಲ್ಲಿದೆ.

ಇದು ನೆರೆಮನೆಯವರ ಸಕ್ಕರೆ ಕಾಯಿಲೆಯಲ್ಲ

ನಮ್ಮ ಸುತ್ತಮುತ್ತ ಕಾಣುವ ಸಕ್ಕರೆ ಕಾಯಿಲೆ ಹೆಚ್ಚಾಗಿ ಎರಡನೇ ವಿಧದ್ದು. ಸಾಮಾನ್ಯವಾಗಿ ವಯಸ್ಸಾದ ಮೇಲೆ ಬರುತ್ತದೆ, ಗುಳಿಗೆಯಲ್ಲಿ ಹತೋಟಿಗೆ ಬರುತ್ತದೆ, ತೂಕ ಇಳಿಸಿದರೆ ಔಷಧ ಕಡಿಮೆಯಾಗುವುದೂ ಉಂಟು. ಪತ್ರ ಬರೆದ ಸಹೋದರಿಯದ್ದು ಒಂದನೇ ವಿಧ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿ ತಂದೆಯ ತಪ್ಪೂ ಅಲ್ಲ. ಕರ್ನಾಟಕ ಡಯಾಬಿಟಿಸ್ ರಿಜಿಸ್ಟ್ರಿಯಲ್ಲಿ 1995ರಿಂದ 2008ರವರೆಗೆ ದಾಖಲಾದ ಲೆಕ್ಕದ ಪ್ರಕಾರ ಲಕ್ಷ ಹುಡುಗರಲ್ಲಿ ವರ್ಷಕ್ಕೆ 3.7, ಲಕ್ಷ ಹುಡುಗಿಯರಲ್ಲಿ 4 ಮಂದಿಗೆ ಇದು ಹೊಸದಾಗಿ ಬರುತ್ತಿತ್ತು. ಸಂಖ್ಯೆ ಸಣ್ಣದು. ಅದಕ್ಕಾಗಿಯೇ ಊರಿನಲ್ಲಿ ಇದರ ಬಗ್ಗೆ ತಿಳಿದವರು ಕಡಿಮೆ, ಸಲಹೆ ಕೊಡುವವರು ಜಾಸ್ತಿ.

ಇಲ್ಲಿ ಇನ್ಸುಲಿನ್ ಎಂಬುದು ಬೇಕಾದಾಗ ತೆಗೆದುಕೊಂಡು, ಬೇಡವಾದಾಗ ಬಿಡುವ ಔಷಧವಲ್ಲ. ದೇಹದಲ್ಲಿ ಇರಲೇಬೇಕಾದ, ಆದರೆ ಇಲ್ಲದಿರುವ ವಸ್ತುವನ್ನು ಹೊರಗಿನಿಂದ ಕೊಡುತ್ತಿದ್ದೇವೆ. ಜ್ವರ, ವಾಂತಿ ಬಂದು ಊಟ ಸೇರದ ದಿನವೂ ದಿನವಿಡೀ ಕೆಲಸ ಮಾಡುವ ನಿಧಾನದ ಇನ್ಸುಲಿನ್ ಅನ್ನು ಪೂರ್ತಿ ನಿಲ್ಲಿಸುವಂತಿಲ್ಲ.

ಬಿಟ್ಟರೆ ತೂಕ ಇಳಿಯುವುದು ಹೇಗೆ?

ಇನ್ಸುಲಿನ್ ಬಿಟ್ಟರೆ ತೂಕ ಇಳಿಯುತ್ತದೆ ಎಂಬುದು ಸುಳ್ಳಲ್ಲ. ಹೇಗೆ ಇಳಿಯುತ್ತದೆ ಎಂಬುದನ್ನು ಹೇಳಿದವರು ಹೇಳಲಿಲ್ಲ, ಅಷ್ಟೆ. ಇನ್ಸುಲಿನ್ ಇಲ್ಲದಿದ್ದರೆ ತಿಂದ ಅನ್ನದ ಸಕ್ಕರೆ ರಕ್ತದಲ್ಲೇ ಉಳಿದು ಮೂತ್ರದಲ್ಲಿ ಹೋಗುತ್ತದೆ. ಹೊಟ್ಟೆ ತುಂಬ ತಿಂದರೂ ಜೀವಕೋಶಗಳು ಉಪವಾಸ ಬೀಳುತ್ತವೆ. ಆಗ ದೇಹ ತನ್ನದೇ ಮಾಂಸಖಂಡವನ್ನೂ ಕೊಬ್ಬನ್ನೂ ಕರಗಿಸಿ ಉರಿಸಲು ತೊಡಗುತ್ತದೆ. ಹಾಗೆ ಕೊಬ್ಬು ಉರಿಯುವಾಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ವಿಪರೀತ ಬಾಯಾರಿಕೆ, ಹೊಟ್ಟೆನೋವು, ವಾಂತಿ, ಆಳವಾದ ಬಿರುಸಿನ ಉಸಿರಾಟ, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮಂಪರು ಇದರ ಲಕ್ಷಣಗಳು. ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಅಪಾಯ ಬರಬಹುದು. ಇಂಥ ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ, ಹತ್ತಿರದ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಬೇಕು.

ಇನ್ಸುಲಿನ್ ಕಂಡುಹಿಡಿಯುವ ಮೊದಲು ಈ ಕಾಯಿಲೆಗೆ ಇದ್ದ ಉಪಾಯ ಒಂದೇ: ರೋಗಿಯನ್ನು ಅರೆಹೊಟ್ಟೆಯಲ್ಲಿಟ್ಟು ಸ್ವಲ್ಪ ದಿನ ಬದುಕಿಸುವುದು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊತ್ತಮೊದಲು ಇನ್ಸುಲಿನ್ ಕೊಟ್ಟರು. ಆಗ ಅವನಿಗೆ 14 ವರ್ಷ. ತೂಕ ಸುಮಾರು 29 ಕಿಲೋ. ಇನ್ಸುಲಿನ್ ಸಿಕ್ಕಿದ್ದರಿಂದ ಅವನು ಮತ್ತೆ 13 ವರ್ಷ ಬದುಕಿದ. ಇನ್ಸುಲಿನ್ ಬಿಟ್ಟು ತೂಕ ಇಳಿಸುವುದೆಂದರೆ ಆ ಹುಡುಗ ಯಾವ ಸ್ಥಿತಿಯಿಂದ ಪಾರಾದನೋ ಆ ಸ್ಥಿತಿಗೆ ನಾವಾಗಿಯೇ ನಡೆದು ಹೋಗುವುದು.

ಗುಟ್ಟಾಗಿ ಇನ್ಸುಲಿನ್ ಕಡಿಮೆ ಮಾಡುವ ಹುಡುಗಿಯರು ಬೆಳುವಾಯಿಯಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಬಾಸ್ಟನ್‌ನಲ್ಲಿರುವ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿ ಒಂದನೇ ವಿಧದ ಮಧುಮೇಹವಿದ್ದ 234 ಮಹಿಳೆಯರನ್ನು 11 ವರ್ಷಗಳ ನಂತರ ಮತ್ತೆ ವಿಚಾರಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಅವರಲ್ಲಿ ಶೇಕಡಾ 30ರಷ್ಟು ಮಂದಿ ಇನ್ಸುಲಿನ್ ಬೇಕಾದ್ದಕ್ಕಿಂತ ಕಡಿಮೆ ತೆಗೆದುಕೊಳ್ಳುತ್ತಿದ್ದುದಾಗಿ ಮೊದಲೇ ಹೇಳಿದ್ದರು. ಅಂಥವರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಮೂರು ಪಟ್ಟು ಹೆಚ್ಚಿತ್ತು. ಮೂತ್ರಪಿಂಡ ಮತ್ತು ಪಾದದ ತೊಂದರೆಗಳೂ ಹೆಚ್ಚಾಗಿದ್ದವು.

ಹಾಗಾದರೆ ಇನ್ಸುಲಿನ್ ದಪ್ಪ ಮಾಡುವುದಿಲ್ಲವೇ?

ಸ್ವಲ್ಪ ಮಾಡುತ್ತದೆ. ಮೂತ್ರದಲ್ಲಿ ಪೋಲಾಗುತ್ತಿದ್ದ ಸಕ್ಕರೆ ಇನ್ಸುಲಿನ್ ಕೊಟ್ಟಾಗ ದೇಹಕ್ಕೆ ಸೇರುತ್ತದೆ, ಹೆಚ್ಚಾದದ್ದು ಕೊಬ್ಬಾಗಿ ಕೂರುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಒಂದನೇ ವಿಧದ ಮಧುಮೇಹವಿದ್ದ 1,441 ಮಂದಿಯ ಮೇಲೆ ದೊಡ್ಡ ಅಧ್ಯಯನವೊಂದು ನಡೆಯಿತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣಿನ ತೊಂದರೆ ಆರಂಭವಾಗುವ ಸಾಧ್ಯತೆ ಶೇಕಡಾ 76ರಷ್ಟು ಕಡಿಮೆಯಾಯಿತು. ಆದರೆ ಐದು ವರ್ಷಗಳಲ್ಲಿ ಅವರ ತೂಕ ಉಳಿದವರಿಗಿಂತ ಸರಾಸರಿ 4.6 ಕಿಲೋ ಹೆಚ್ಚು ಏರಿತು. ಸಕ್ಕರೆ ವಿಪರೀತ ಕುಸಿಯುವ ಪ್ರಸಂಗಗಳೂ ಅವರಲ್ಲೇ ಹೆಚ್ಚು.

ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ನಮ್ಮ ಸಹೋದರಿಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಇಳಿಯುತ್ತಿದ್ದ ತೂಕ ಏಕೆ ನಿಂತಿತು?

ತೂಕ ನಿಲ್ಲುವುದು ಸೋಲಲ್ಲ. ತೂಕ ಇಳಿಸುವ ಹೆಚ್ಚಿನವರೂ ಕೆಲವು ತಿಂಗಳಾದ ಮೇಲೆ ಈ ಹಂತಕ್ಕೆ ಬರುತ್ತಾರೆ. ಮೊದಲ ವಾರಗಳಲ್ಲಿ ಇಳಿಯುವುದರಲ್ಲಿ ನೀರಿನ ಪಾಲು ದೊಡ್ಡದು, ಅದಕ್ಕೇ ಬೇಗ ಇಳಿದಂತೆ ಕಾಣುತ್ತದೆ. ಆಮೇಲೆ ದೇಹ ಸಣ್ಣದಾದಂತೆ ಅದರ ಖರ್ಚೂ ಸಣ್ಣದಾಗುತ್ತದೆ. ವಯಸ್ಸು, ಎತ್ತರ, ತೂಕ ಹಿಡಿದು ಲೆಕ್ಕ ಹಾಕಿದರೆ ಈ ಸಹೋದರಿಯ ದೇಹ 74 ಕಿಲೋ ಇದ್ದಾಗ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1,420 ಕ್ಯಾಲೊರಿ ಉರಿಸುತ್ತಿತ್ತು. 67 ಕಿಲೋಗೆ ಅದು ಸುಮಾರು 1,350. ನಡೆಯುವಾಗ, ಮೆಟ್ಟಿಲು ಹತ್ತುವಾಗ ಹೊರಬೇಕಾದ ಭಾರವೂ ಏಳು ಕಿಲೋ ಕಡಿಮೆ. ಜೊತೆಗೆ, ಅನ್ನ ಕಡಿಮೆಯಾಯಿತೆಂದು ತಿಳಿದ ದೇಹ ಬರಗಾಲದಲ್ಲಿ ಮನೆಯೊಡತಿ ಅಕ್ಕಿ ಅಳೆದು ಹಾಕುವಂತೆ ಜಿಪುಣತನ ಮಾಡುತ್ತದೆ. ಹಸಿವು ಹೆಚ್ಚುತ್ತದೆ, ನಮಗೇ ಗೊತ್ತಿಲ್ಲದೆ ಓಡಾಟ ಕಡಿಮೆಯಾಗುತ್ತದೆ. ಹೀಗಾಗಿ ಐದು ತಿಂಗಳ ಹಿಂದೆ ತೂಕ ಇಳಿಸಿದ ಊಟವೇ ಇಂದು ತೂಕವನ್ನು ಇದ್ದಲ್ಲೇ ನಿಲ್ಲಿಸುವ ಊಟವಾಗುತ್ತದೆ.

ಇಷ್ಟು ಎಲ್ಲರಿಗೂ ಅನ್ವಯಿಸುವ ಮಾತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದರ ಮೇಲೆ ಇನ್ನೊಂದಿದೆ.

ಇನ್ಸುಲಿನ್‌ಗಾಗಿ ತಿನ್ನುವುದು

ಪತ್ರದ ಮಧ್ಯದಲ್ಲಿ ಸಹೋದರಿ ಒಂದು ವಿಷಯವನ್ನು ಸಾಮಾನ್ಯ ಎಂಬಂತೆ ಬರೆದಿದ್ದಾರೆ: "ವಾರಕ್ಕೆ ಮೂರು ನಾಲ್ಕು ಸಲ ರಾತ್ರಿ ಬೆವರಿ ಎಚ್ಚರವಾಗುತ್ತದೆ. ಆಗ ಉಮ್ಮ ಸಿಹಿ ಚಹಾ, ಬಿಸ್ಕತ್ತು, ಬಾಳೆಹಣ್ಣು ಕೊಡುತ್ತಾರೆ." ತೂಕ ನಿಂತಿರುವುದಕ್ಕೆ ಬಹುಶಃ ಮುಖ್ಯ ಕಾರಣ ಇದೇ.

ಒಂದನೇ ವಿಧದ ಮಧುಮೇಹದಲ್ಲಿ ಇನ್ಸುಲಿನ್ ಎಷ್ಟು ಬೇಕೆಂಬುದು ದೇಹದ ತೂಕವನ್ನೂ ಊಟವನ್ನೂ ಅವಲಂಬಿಸಿರುತ್ತದೆ. 74 ಕಿಲೋ ಇದ್ದಾಗ, ಹೆಚ್ಚು ಅನ್ನ ಉಣ್ಣುತ್ತಿದ್ದಾಗ ಗೊತ್ತುಮಾಡಿದ ಪ್ರಮಾಣ, 67 ಕಿಲೋ ಇರುವ, ಕಡಿಮೆ ಉಣ್ಣುವ, ದಿನವೂ ನಡೆಯುವ ದೇಹಕ್ಕೆ ಹೆಚ್ಚಾಗುತ್ತದೆ. ಹೆಚ್ಚಾದ ಇನ್ಸುಲಿನ್ ಸಕ್ಕರೆಯನ್ನು ಕುಸಿಯುವಂತೆ ಮಾಡುತ್ತದೆ. ಕುಸಿದಾಗ ತಿನ್ನಲೇಬೇಕು. ಹೀಗೆ ಹಗಲು ಊಟದಲ್ಲಿ ಉಳಿಸಿದ್ದನ್ನು ರಾತ್ರಿ ಇನ್ಸುಲಿನ್‌ಗಾಗಿ ತಿಂದು ಮುಗಿಸುತ್ತೇವೆ.

ಲೆಕ್ಕ ನೋಡಿ. ಎರಡು ಚಮಚ ಸಕ್ಕರೆ ಹಾಕಿದ ಹಾಲಿನ ಚಹಾ, ನಾಲ್ಕು ಬಿಸ್ಕತ್ತು, ಒಂದು ಬಾಳೆಹಣ್ಣು ಸೇರಿದರೆ ಸುಮಾರು 250 ಕ್ಯಾಲೊರಿ. ವಾರಕ್ಕೆ ನಾಲ್ಕು ಸಲವಾದರೆ 1,000. ದಿನಕ್ಕೆ 250 ಕ್ಯಾಲೊರಿಯಂತೆ ಊಟ ಕಡಿಮೆ ಮಾಡಿದ್ದರೆ ವಾರದ ಉಳಿತಾಯ 1,750. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಯಿತು. ಕುಸಿದೀತು ಎಂಬ ಹೆದರಿಕೆಯಿಂದ ಮಲಗುವ ಮೊದಲು ತಿನ್ನುವ ತಿಂಡಿಯನ್ನೂ ಸೇರಿಸಿದರೆ ಉಳಿಯುವುದೇನೂ ಇಲ್ಲ. ಇಂಥವರು ಊಟವನ್ನು ಇನ್ನಷ್ಟು ಕಡಿಮೆ ಮಾಡಿದರೆ ಸಕ್ಕರೆ ಇನ್ನಷ್ಟು ಕುಸಿಯುತ್ತದೆ, ಮತ್ತಷ್ಟು ತಿನ್ನಬೇಕಾಗುತ್ತದೆ. ಗಾಣದ ಎತ್ತಿನಂತೆ ಅದೇ ಸುತ್ತು.

ಎಂದ ಮಾತ್ರಕ್ಕೆ ಸಕ್ಕರೆ ಕುಸಿದಾಗ ತೂಕದ ಯೋಚನೆ ಮಾಡಿ ತಿನ್ನದೆ ಇರಬಾರದು. 70ಕ್ಕಿಂತ ಕೆಳಗೆ ಹೋದರೆ ಕೂಡಲೇ 15 ಗ್ರಾಂ ಗ್ಲೂಕೋಸ್ ತೆಗೆದುಕೊಳ್ಳಿ. ಅಂದರೆ ಮೂರು ಚಹಾ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಅರ್ಧ ಲೋಟ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ. ಇದರಲ್ಲಿ ಇರುವುದು 60 ಕ್ಯಾಲೊರಿ. ಚಾಕೊಲೇಟ್, ಹಾಲಿನ ಸಿಹಿತಿಂಡಿಗಳಲ್ಲಿರುವ ಕೊಬ್ಬು ಸಕ್ಕರೆ ಏರುವುದನ್ನು ತಡ ಮಾಡುತ್ತದೆ, ಕ್ಯಾಲೊರಿ ಮಾತ್ರ ಬೇಕಾದಷ್ಟು. ಏರಿದ ಮೇಲೆ ಮುಂದಿನ ಊಟಕ್ಕೆ ತುಂಬಾ ಹೊತ್ತಿದ್ದರೆ ಸಣ್ಣದೊಂದು ತಿಂಡಿ ಸಾಕು. ಗ್ಲೂಕೋಸ್ ಡಬ್ಬಿ ದಿಂಬಿನ ಪಕ್ಕದಲ್ಲೇ ಇರಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು.

14 ದಿನದ ಒಂದು ಪುಸ್ತಕ

ಹಾಗಾದರೆ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು? ಯಾವ ಹೊತ್ತಿನದ್ದು? ಇದನ್ನು ಪತ್ರಿಕೆಯಲ್ಲಿ ಹೇಳುವಂತಿಲ್ಲ, ನೆರೆಯವರೂ ಹೇಳಬಾರದು. ನಿಮ್ಮ ವೈದ್ಯರೇ ಹೇಳಬೇಕು. ಆದರೆ "ತೂಕ ಇಳಿಯುತ್ತಿಲ್ಲ ಡಾಕ್ಟ್ರೇ" ಎಂದಷ್ಟೇ ಹೇಳಿದರೆ ಅವರಿಗೂ ಹೊಳೆಯುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು 14 ದಿನ ಬರೆಯಿರಿ: ಊಟಕ್ಕೆ ಮೊದಲು, ಮಲಗುವಾಗ ಸಕ್ಕರೆ ಎಷ್ಟು, ಎರಡು ಮೂರು ರಾತ್ರಿ ಅಲಾರಂ ಇಟ್ಟು 3 ಗಂಟೆಗೆ ಎಷ್ಟು, ಯಾವ ಇನ್ಸುಲಿನ್ ಎಷ್ಟು ಯೂನಿಟ್, ಏನು ತಿಂದಿರಿ, ಎಷ್ಟು ನಡೆದಿರಿ, ಎಷ್ಟು ಗಂಟೆಗೆ ಕುಸಿಯಿತು, ಆಗ ಏನು ತಿಂದಿರಿ.

ಈ ಪುಸ್ತಕ ಬಹಳಷ್ಟು ಹೇಳುತ್ತದೆ. ತಡರಾತ್ರಿ ಅಥವಾ ಬೆಳಗಿನ ಜಾವ ಕುಸಿಯುತ್ತಿದ್ದರೆ ನಿಧಾನದ ಇನ್ಸುಲಿನ್ ಹೆಚ್ಚಾಗಿರಬಹುದು. ಊಟವಾಗಿ ಎರಡು ಮೂರು ಗಂಟೆಗೆ ಕುಸಿದರೆ ಊಟದ ಇನ್ಸುಲಿನ್ ಹೆಚ್ಚಾಗಿರಬಹುದು. ನಡೆದ ದಿನ ಮಾತ್ರ ಕುಸಿದರೆ ಕಾರಣ ನಡಿಗೆ. ಪದೇ ಪದೇ ಕುಸಿಯುವವರಿಗೆ ವೈದ್ಯರು ಸಾಮಾನ್ಯವಾಗಿ ಸಂಬಂಧಪಟ್ಟ ಇನ್ಸುಲಿನ್ ಅನ್ನು ಶೇಕಡಾ 10ರಿಂದ 20ರಷ್ಟು ಇಳಿಸಿ ನೋಡುತ್ತಾರೆ. ಇಳಿಸುವುದಕ್ಕೂ ಬಿಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಹೆಚ್ಚಾದದ್ದನ್ನು ಅಳೆದು ಇಳಿಸಿದರೆ ಸಕ್ಕರೆ ಸಮವಾಗುತ್ತದೆ, ರಾತ್ರಿ ತಿನ್ನುವುದು ತಪ್ಪುತ್ತದೆ, ತೂಕ ತಾನಾಗಿ ಇಳಿಯಲು ದಾರಿಯಾಗುತ್ತದೆ. ಬಿಟ್ಟುಬಿಟ್ಟರೆ ಜೀವಕ್ಕೇ ಕುತ್ತು.

ಪುಸ್ತಕದ ಜೊತೆಗೆ ಎರಡು ವಿಷಯ ಪರೀಕ್ಷಿಸಿಕೊಳ್ಳಿ. ಒಂದು, ಚುಚ್ಚುವ ಜಾಗ. ವರ್ಷಗಟ್ಟಲೆ ಒಂದೇ ಕಡೆ ಚುಚ್ಚಿದರೆ ಚರ್ಮದಡಿ ಕೊಬ್ಬಿನ ಗಂಟು ಕಟ್ಟುತ್ತದೆ. ಅಲ್ಲಿ ಚುಚ್ಚಿದ ಇನ್ಸುಲಿನ್ ಒಂದು ದಿನ ಹೀರಲ್ಪಡುವುದಿಲ್ಲ, ಇನ್ನೊಂದು ದಿನ ಒಮ್ಮೆಲೇ ಇಳಿಯುತ್ತದೆ. ಬೆರಳಾಡಿಸಿ ನೋಡಿ, ಗಂಟು ಸಿಕ್ಕರೆ ವೈದ್ಯರಿಗೆ ತೋರಿಸಿ. ಹೊಸ ಜಾಗಕ್ಕೆ ಬದಲಿಸುವಾಗ ಪ್ರಮಾಣ ಕಡಿಮೆ ಬೇಕಾಗಬಹುದು. ಎರಡು, ಸಿರಿಂಜ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್. 40ರ ಬಾಟಲಿಗೆ 40ರ ಸಿರಿಂಜನ್ನೇ ಬಳಸಬೇಕು. ಕಾರ್ಟ್ರಿಜ್‌ನ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ.

ಗ್ಲೂಕೋಮೀಟರಿಗೆ ಕಾಣದ್ದು

ಸಕ್ಕರೆ ಕಾಯಿಲೆಯವರು ಗ್ಲೂಕೋಮೀಟರನ್ನು ನೋಡಿಯೇ ಊಟವನ್ನು ಅಳೆಯುತ್ತಾರೆ. ಏರಲಿಲ್ಲವೆಂದರೆ ತಿಂದದ್ದು ಸರಿ ಎಂದುಕೊಳ್ಳುತ್ತಾರೆ. ಆದರೆ ಎಣ್ಣೆ, ತೆಂಗಿನಕಾಯಿ, ತುಪ್ಪ ಗ್ಲೂಕೋಮೀಟರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ತಕ್ಕಡಿಯಲ್ಲಿ ಕಾಣುತ್ತವೆ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ ಇದ್ದರೆ 100 ಗ್ರಾಂ ಹಸಿ ತೆಂಗಿನಕಾಯಿಯಲ್ಲಿ ಸುಮಾರು 350. ಒಂದು ಚಹಾ ಚಮಚ ಎಣ್ಣೆ ಎಂದರೆ 45. ನಮ್ಮ ಕರಾವಳಿಯ ಅಡುಗೆಯಲ್ಲಿ ಕಾಯಿ ಬಿಟ್ಟು ಬದುಕಿಲ್ಲ, ಬಿಡಬೇಕಾಗಿಯೂ ಇಲ್ಲ. ದಿನಕ್ಕೆ ಎರಡು ಹೊತ್ತು ಕಾಯಿ ಅರೆದ ಪದಾರ್ಥವಿದ್ದರೆ ಅದನ್ನು ಒಂದು ಹೊತ್ತಿಗೆ ಇಳಿಸಿ. ಬಂಗುಡೆ, ಬೂತಾಯಿಯನ್ನು ಹುರಿಯುವ ಬದಲು ಪುಳಿಮುಂಚಿ ಮಾಡಿ. ಮೀನಿನ ಪ್ರೋಟೀನ್ ಹಸಿವನ್ನು ತಡೆಯುತ್ತದೆ, ಮಾಂಸಖಂಡ ಕರಗದಂತೆ ಕಾಯುತ್ತದೆ. ಕುಚ್ಚಲಕ್ಕಿಯಾದರೂ ಬೆಳ್ತಿಗೆಯಾದರೂ ಬೇಯಿಸಿದ 100 ಗ್ರಾಂ ಅನ್ನದಲ್ಲಿ ಪಿಷ್ಟ ಸುಮಾರು 28 ಗ್ರಾಂ. ಕುಚ್ಚಲಕ್ಕಿ ಎಂದು ಬೇಕಾದಷ್ಟು ಬಡಿಸಿಕೊಳ್ಳುವಂತಿಲ್ಲ. ಒಂದು ಬಟ್ಟಲು ಗೊತ್ತು ಮಾಡಿ, ಪ್ರತಿದಿನ ಅದರಲ್ಲೇ ಅಳೆದು ಹಾಕಿಕೊಳ್ಳಿ. ಆಗ ಇನ್ಸುಲಿನ್ ಲೆಕ್ಕವೂ ಸರಿ ಹೊಂದುತ್ತದೆ. ಬಸಳೆ, ಹರಿವೆ, ತೊಂಡೆಕಾಯಿ, ಅಲಸಂಡೆ ತಟ್ಟೆಯ ಅರ್ಧ ತುಂಬಲಿ. ಅನ್ನ ಇಳಿಸುವಾಗ ಊಟದ ಇನ್ಸುಲಿನ್ ಎಷ್ಟು ಇಳಿಸಬೇಕೆಂದು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ.

ಕುಳಿತ ಕೆಲಸ, ನಡೆವ ಕಾಲು

ಬೀಡಿ ಕಟ್ಟುವವರು ಮಡಿಲಲ್ಲಿ ಮೊರ ಇಟ್ಟುಕೊಂಡು ಗಂಟೆಗಟ್ಟಲೆ ಕುಳಿತಿರುತ್ತಾರೆ. ಸಂಜೆಯ ಅರ್ಧ ಗಂಟೆಯ ನಡಿಗೆ ಆ ಕುಳಿತದ್ದನ್ನೆಲ್ಲ ಸರಿಮಾಡಲಾರದು. ಅರ್ಧ ಗಂಟೆಗೊಮ್ಮೆ ಎದ್ದು ಮೂರು ನಿಮಿಷ ಅಂಗಳದಲ್ಲೋ ಜಗಲಿಯಲ್ಲೋ ನಡೆಯಿರಿ. ಊಟವಾದ ಮೇಲೆ ಹತ್ತು ನಿಮಿಷ. ಒಟ್ಟು ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಗುರಿಯಾಗಿರಲಿ. ಮೂಡುಬಿದಿರೆ–ಕಾರ್ಕಳ ಹೆದ್ದಾರಿಯ ಬದಿಯಲ್ಲಿ ನಡೆಯುವುದಕ್ಕಿಂತ ತೋಟದ ನಡುವಿನ ಒಳರಸ್ತೆಗಳು ಕ್ಷೇಮ. ಮಳೆಗಾಲದಲ್ಲಿ ಮನೆಯೊಳಗೇ ನಡೆದರಾಯಿತು.

ತೂಕ ನಿಂತವರಿಗೆ ನಡಿಗೆಯ ಜೊತೆಗೆ ಮಾಂಸಖಂಡಕ್ಕೆ ಕೆಲಸ ಕೊಡುವ ವ್ಯಾಯಾಮವೂ ಉಪಯೋಗವಾಗುತ್ತದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು. ವಾರಕ್ಕೆ ಎರಡು ಮೂರು ದಿನ ಸಾಕು. ಕಣ್ಣಿನ ನರಗಳಲ್ಲಿ ತೊಂದರೆ ಇದೆಯೆಂದು ವೈದ್ಯರು ಹೇಳಿದ್ದರೆ ಭಾರ ಎತ್ತುವ ಮೊದಲು ಅವರನ್ನು ಕೇಳಿ.

ನಡೆಯುವ ಮೊದಲು ಸಕ್ಕರೆ ನೋಡಿ. 90ಕ್ಕಿಂತ ಕಡಿಮೆಯಿದ್ದರೆ ಸ್ವಲ್ಪ ಗ್ಲೂಕೋಸ್ ತೆಗೆದುಕೊಂಡು ಹೊರಡಿ. 250ಕ್ಕಿಂತ ಹೆಚ್ಚಿದ್ದರೆ ಮೂತ್ರದಲ್ಲಿ ಕೀಟೋನ್ ಪರೀಕ್ಷಿಸಿ. ಇದ್ದರೆ ಅಂದು ವ್ಯಾಯಾಮ ಬೇಡ, ವೈದ್ಯರನ್ನು ಸಂಪರ್ಕಿಸಿ. ವ್ಯಾಯಾಮದ ಪರಿಣಾಮ 24 ಗಂಟೆಯವರೆಗೂ ಇರಬಹುದು. ಸಂಜೆ ನಡೆದದ್ದಕ್ಕೆ ರಾತ್ರಿ ಸಕ್ಕರೆ ಕುಸಿಯುವುದು ಹಾಗೆಯೇ. ಈ ಸಹೋದರಿ ನಡಿಗೆಯನ್ನು ಬೆಳಿಗ್ಗೆಗೆ ಬದಲಿಸಿದರೆ ರಾತ್ರಿಯ ಬೆವರು ಕಡಿಮೆಯಾಗುವ ಸಾಧ್ಯತೆಯಿದೆ.

ರಕ್ತ ಪರೀಕ್ಷೆ ಮತ್ತು ಟೇಪು

ಒಂದನೇ ವಿಧದ ಮಧುಮೇಹವಿರುವವರಲ್ಲಿ ಥೈರಾಯ್ಡ್ ತೊಂದರೆ ಉಳಿದವರಿಗಿಂತ ಹೆಚ್ಚು, ಮಹಿಳೆಯರಲ್ಲಂತೂ ಇನ್ನೂ ಹೆಚ್ಚು. ಥೈರಾಯ್ಡ್ ನಿಧಾನವಾದರೆ ಸುಸ್ತು, ಮಲಬದ್ಧತೆ, ಮುಟ್ಟಿನ ಏರುಪೇರು ಬರುತ್ತದೆ, ತೂಕವೂ ಇಳಿಯುವುದಿಲ್ಲ. ಟಿಎಸ್‌ಎಚ್ ಎಂಬ ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ನಾಚಿಕೆ ಬೇಡ.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ, ಒಂದೇ ತಕ್ಕಡಿಯಲ್ಲಿ ನೋಡಿ. ಮುಟ್ಟಿನ ದಿನಗಳ ಸುಮಾರಿಗೆ ನೀರು ನಿಂತು ಒಂದೆರಡು ಕಿಲೋ ಏರುವುದು ಸಹಜ. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟ ಅಳೆಯಿರಿ. ನಮ್ಮ ದೇಶದ ಮಹಿಳೆಯರಿಗೆ 80 ಸೆಂಟಿಮೀಟರಿನೊಳಗೆ ಇದ್ದರೆ ಒಳ್ಳೆಯದು. ತೂಕ ನಿಂತಿದ್ದರೂ ಸೊಂಟ ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಿದೆ ಎಂದೇ ಅರ್ಥ. 74ರಿಂದ 67 ಎಂದರೆ ಒಂಬತ್ತೂವರೆ ಶೇಕಡಾ. ಶೇಕಡಾ 5ರಿಂದ 10ರಷ್ಟು ಇಳಿದರೇ ರಕ್ತದೊತ್ತಡ ಮತ್ತು ರಕ್ತದ ಕೊಬ್ಬಿಗೆ ಲಾಭವಿದೆ. ಈ ಸಹೋದರಿ ಸಾಧಿಸಿರುವುದು ಸಣ್ಣದಲ್ಲ.

ಗುಳಿಗೆ ಮತ್ತು ಉಪವಾಸ

ಎರಡನೇ ವಿಧದವರಿಗೆ ಕೊಡುವ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಗುಳಿಗೆಗಳನ್ನು ಒಂದನೇ ವಿಧದವರು ತಾವಾಗಿ ನುಂಗಬಾರದು. ಅವುಗಳಿಂದ ಸಕ್ಕರೆ ಹೆಚ್ಚು ಏರದೆಯೇ ಕೀಟೋನ್ ತುಂಬಿಕೊಳ್ಳಬಹುದು. 2025ರಿಂದ ನಮ್ಮ ದೇಶದ ಅಂಗಡಿಗಳಿಗೆ ಬಂದು ಸುದ್ದಿಯಾದ ತೂಕ ಇಳಿಸುವ ಇಂಜೆಕ್ಷನ್‌ಗಳೂ ಇನ್ಸುಲಿನ್‌ಗೆ ಬದಲಿಯಲ್ಲ. ಅನ್ನವನ್ನು ಪೂರ್ತಿ ಬಿಡುವ ಪಥ್ಯಗಳೂ ವೈದ್ಯರ ಕಣ್ಣಳತೆಯಿಲ್ಲದೆ ಬೇಡ.

ರಮಝಾನಿನ ಉಪವಾಸದಲ್ಲಿ ತೂಕ ಇಳಿಸಿಕೊಳ್ಳುತ್ತೇನೆ ಎಂಬ ಯೋಚನೆಯೂ ಸಲ್ಲದು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ರಮಝಾನ್ ಮಾರ್ಗದರ್ಶಿ ಒಂದನೇ ವಿಧದ ಮಧುಮೇಹವನ್ನು ಅಪಾಯದ ಅಂಕಗಳಲ್ಲಿ ಮೇಲಿಡುತ್ತದೆ. ರೋಗಿಗಳಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ. ಉಪವಾಸ ಹಿಡಿಯಬೇಕೆಂಬ ಇಚ್ಛೆಯಿದ್ದವರು ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಂಡು ಮಾತಾಡಲಿ. ಬೆರಳು ಚುಚ್ಚಿ ರಕ್ತ ನೋಡಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ಬಿಡಬೇಕೆಂದೇ ಆ ಮಾರ್ಗದರ್ಶಿ ಹೇಳುತ್ತದೆ.

ಮನೆಯವರಿಗೆ ಎರಡು ಮಾತು

"ಉಮ್ಮನಿಗೆ ಹೇಳಿಲ್ಲ" ಎಂಬ ಸಾಲು ಈ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವಂಥದ್ದು. ತಂಗಿ, ಇಂದೇ ಹೇಳಿ. ರಾತ್ರಿ ಬೆವರಿದಾಗ ಎದ್ದು ಬರುವವರು ಅವರೇ. ಮನೆಯಲ್ಲಿ ಇಂಥ ಮಗಳಿರುವ ತಾಯಂದಿರೂ ಗಮನಿಸಬೇಕು. ಇನ್ಸುಲಿನ್ ಬಾಟಲಿ ಹೆಚ್ಚು ದಿನ ಬರುತ್ತಿದ್ದರೆ, ಮಗಳು ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ನೀರು ಕುಡಿದಷ್ಟೂ ಸಾಲದಿದ್ದರೆ, ತೂಕ ಇದ್ದಕ್ಕಿದ್ದಂತೆ ಇಳಿದರೆ, ಬೈಯದೆ ಕೂರಿಸಿಕೊಂಡು ಕೇಳಿ. ಇಳಿದ ತೂಕವನ್ನು ಹೊಗಳುವ ಮೊದಲು ಸಕ್ಕರೆ ಎಷ್ಟಿದೆ ಎಂದು ಕೇಳಿ.

ಮದುವೆಯ ವಿಷಯ. ಗಂಡಿನ ಕಡೆಯವರಿಗೆ ಕಾಯಿಲೆಯ ವಿಚಾರ ಮೊದಲೇ ತಿಳಿದಿರಲಿ. ಬಚ್ಚಿಟ್ಟು ಹೋದ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್ ಬಚ್ಚಿಡಲು ಸಾಧ್ಯವಿಲ್ಲ, ಆಗ ತಪ್ಪಿಹೋಗುವುದು ಇನ್ಸುಲಿನ್ನೇ. ಒಂದನೇ ವಿಧದ ಮಧುಮೇಹವಿರುವ ಹೆಣ್ಣುಮಕ್ಕಳು ಮದುವೆಯಾಗಿ, ಆರೋಗ್ಯವಂತ ಮಕ್ಕಳ ತಾಯಂದಿರಾಗಿ ಬಾಳುತ್ತಿದ್ದಾರೆ. ಅದಕ್ಕೆ ಬೇಕಾದದ್ದು ಹತೋಟಿಯಲ್ಲಿರುವ ಸಕ್ಕರೆ. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಸಾಮಾನ್ಯ ದಿನಗಳಲ್ಲಿ 7ರ ಸುಮಾರಿಗೆ, ಗರ್ಭ ಧರಿಸುವ ಮೊದಲು ಸಾಧ್ಯವಾದರೆ 6.5ಕ್ಕಿಂತ ಕೆಳಗಿರಬೇಕೆಂದು ವೈದ್ಯರು ಬಯಸುತ್ತಾರೆ. ಹುಡುಗಿಯ ತೂಕ ಕೇಳುವವರು ಕೇಳಬೇಕಾದ ಸಂಖ್ಯೆ ಇದು.

ಪರಿಣಿತರ ಸಲಹೆಗೆ ದುಡ್ಡಿನ ಚಿಂತೆಯಿದ್ದವರು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋಗಿ ವಿಚಾರಿಸಬಹುದು. ಹೋಗುವಾಗ ಆ 14 ದಿನದ ಪುಸ್ತಕ, ಗ್ಲೂಕೋಮೀಟರ್, ಬಳಸುವ ಇನ್ಸುಲಿನ್ ಮತ್ತು ಸಿರಿಂಜ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರ ಮುಂದೆ ಮೊದಲ ಮಾತು ತೂಕದ್ದಾಗುವುದು ಬೇಡ. ರಾತ್ರಿ ಬೆವರಿ ಏಳುವ ವಿಷಯದಿಂದ ಶುರು ಮಾಡಿ.